ಯಾರ ಪತ್ರಿಕೆ, ಯಾರ ಗೋಲು?

ಕೋಲ್ಕತ್ತದ ಫುಟ್‌ಬಾಲ್ ಅಭಿಮಾನಿಗೆ ಇಬ್ಬರ ಮೇಲೆ ಸಿಟ್ಟು. ಒಬ್ಬ ಎದುರಾಳಿ ಕ್ಲಬ್ಬಿನವನು, ಇನ್ನೊಬ್ಬ ಪತ್ರಿಕೆಯವನು. ಈಸ್ಟ್ ಬೆಂಗಾಲ್ ಅಭಿಮಾನಿಯನ್ನು ಕೇಳಿದರೆ ನಗರದ ಪತ್ರಿಕೆಗಳೆಲ್ಲ ಮೋಹನ್ ಬಾಗಾನ್ ಕಡೆಯವು ಎನ್ನುತ್ತಾನೆ. ಮೋಹನ್ ಬಾಗಾನ್ ಅಭಿಮಾನಿ ಅದೇ ಪತ್ರಿಕೆಯ ಅದೇ ಪುಟವನ್ನು ಮುಂದಿಟ್ಟು, ನಮ್ಮ ಗೆಲುವಿಗೆ ಕೊಟ್ಟ ಜಾಗ ನೋಡಿ, ಅವರ ಸೋಲಿಗೆ ಸುರಿಸಿದ ಕಣ್ಣೀರು ನೋಡಿ ಎನ್ನುತ್ತಾನೆ. ಮೊಹಮ್ಮಡನ್ ಸ್ಪೋರ್ಟಿಂಗ್‌ನ ಹಳೆಯ ಅಭಿಮಾನಿಗೆ ಇವರಿಬ್ಬರ ಜಗಳವೇ ತಮಾಷೆ. ತಮ್ಮ ಕ್ಲಬ್ಬಿನ ಹೆಸರು ಹುಡುಕಲು ಭೂತಗನ್ನಡಿ ಬೇಕೆಂಬುದು ಅವನ ದೂರು.

2025ರ ಏಪ್ರಿಲ್ ತಿಂಗಳಲ್ಲಿ ಈ ಹಳೆಯ ಜಗಳಕ್ಕೆ ಹೊಸ ಕಾರಣವೊಂದು ಒದಗಿತು. ಆ ತಿಂಗಳ 11ರಂದು, ಶುಕ್ರವಾರ, ಈಸ್ಟ್ ಬೆಂಗಾಲ್‌ನ ಮಹಿಳಾ ತಂಡ ಒಡಿಶಾ ತಂಡವನ್ನು 1-0 ಗೋಲಿನಿಂದ ಸೋಲಿಸಿ ರಾಷ್ಟ್ರೀಯ ಮಹಿಳಾ ಲೀಗನ್ನು ಗೆದ್ದುಕೊಂಡಿತು. ಗೋಲು ಹೊಡೆದವರು ತೆಲಂಗಾಣದ ಹುಡುಗಿ ಸೌಮ್ಯಾ ಗುಗುಲೋತ್. ಮರುದಿನ ಶನಿವಾರ, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್‌ನ ಪುರುಷರ ತಂಡ ನಮ್ಮ ಬೆಂಗಳೂರು ಎಫ್‌ಸಿಯನ್ನು 2-1ರಿಂದ ಸೋಲಿಸಿ ಇಂಡಿಯನ್ ಸೂಪರ್ ಲೀಗ್ ಕಪ್ ಎತ್ತಿಹಿಡಿಯಿತು. ಎರಡು ಗೆಲುವುಗಳು ಹೀಗೆ ಅಕ್ಕಪಕ್ಕ ಬಂದರೆ ತಕರಾರು ಹುಟ್ಟದೆ ಇರುತ್ತದೆಯೇ? ಈಸ್ಟ್ ಬೆಂಗಾಲ್ ಪುರುಷರ ತಂಡ ಕೊನೆಯ ಬಾರಿ ರಾಷ್ಟ್ರೀಯ ಲೀಗ್ ಗೆದ್ದದ್ದು 2003-04ರಲ್ಲಿ. ಇಪ್ಪತ್ತೊಂದು ವರ್ಷಗಳ ಬರವನ್ನು ನೀಗಿಸಿದವರು ಹೆಣ್ಣುಮಕ್ಕಳು. ಇದೂ ಕ್ಲಬ್ಬಿನ ಪ್ರಶಸ್ತಿಯೇ, ಇದಕ್ಕೂ ಅಷ್ಟೇ ದೊಡ್ಡ ತಲೆಬರಹ ಸಲ್ಲಬೇಕು ಎಂಬುದು ಒಂದು ವಾದ. ಮಹಿಳಾ ಲೀಗನ್ನು ಪುರುಷರ ಲೀಗಿನ ಪಕ್ಕದಲ್ಲಿಟ್ಟು ತೂಗಬೇಡಿ, ನೋಡಲು ಬರುವ ಜನವೆಷ್ಟು ಹೇಳಿ ಎಂಬುದು ಇನ್ನೊಂದು ವಾದ. ನಿಮಗೆ ಮಹಿಳಾ ತಂಡವಾದರೂ ಇದೆಯೇ ಎಂಬುದು ಅದಕ್ಕೆ ಸಿದ್ಧ ಉತ್ತರ.

ಈ ತಕರಾರಿನಲ್ಲಿ ಯಾರ ಪಕ್ಷ ಸರಿ ಎಂದು ತೀರ್ಪು ಹೇಳುವುದು ನಮ್ಮ ಉದ್ದೇಶವಲ್ಲ. ಪತ್ರಿಕೆಗಳ ಪಕ್ಷಪಾತದ ದೂರಿಗೆ ಕಲ್ಕತ್ತೆಯಲ್ಲಿ ಶತಮಾನದ ಇತಿಹಾಸವಿದೆ. ಆ ಇತಿಹಾಸದಲ್ಲಿ ಮುಸ್ಲಿಮರಿಗೂ ದೊಡ್ಡ ಪಾಲಿದೆ, ಬೆಂಗಳೂರಿಗೂ ಸಣ್ಣ ಪಾಲಿದೆ. ಅದನ್ನು ಹಿಂದಿನಿಂದ ಓದಿಕೊಂಡು ಬಂದರೆ, ಇಷ್ಟೆಲ್ಲ ಜಗಳದಲ್ಲಿ ಯಾರ ಹೆಸರನ್ನು ಯಾರೂ ಎತ್ತಲೇ ಇಲ್ಲ ಎಂಬುದು ಕಾಣುತ್ತದೆ.

ಬರಿಗಾಲಿನ ಗೆಲುವು

1911ರ ಜುಲೈ 29. ಐಎಫ್‌ಎ ಶೀಲ್ಡ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬಿಳಿಯ ಸಿಪಾಯಿಗಳನ್ನು 2-1ರಿಂದ ಸೋಲಿಸಿತು. ಹನ್ನೊಂದು ಜನರಲ್ಲಿ ಹತ್ತು ಮಂದಿ ಬರಿಗಾಲಿನಲ್ಲಿ ಆಡಿದ್ದರು. ನಾಯಕ ಶಿಬ್‌ದಾಸ್ ಭಾದುರಿ ಒಂದು ಗೋಲು ಹೊಡೆದರೆ, ಗೆಲುವಿನ ಗೋಲು ಅಭಿಲಾಷ್ ಘೋಷ್ ಅವರದು. ಮೈದಾನದಲ್ಲಿ ನಿಲ್ಲಲು ಜಾಗ ಸಿಗದ ಜನರಿಗೆ ಸ್ಕೋರು ತಿಳಿಸಲು ಗಾಳಿಪಟ ಹಾರಿಸಿದರಂತೆ.

ಆ ಗೆಲುವಿನ ಕಥೆಯನ್ನು ಬಂಗಾಳಿಗಳು ನೂರಾರು ಬಾರಿ ಬರೆದಿದ್ದಾರೆ. ಅದರಲ್ಲಿ ನಮಗೆ ಮುಖ್ಯವೆನಿಸುವ ಒಂದು ಸಂಗತಿ ಇದೆ. ಆಗ ಕಲ್ಕತ್ತೆಯಿಂದ 'ದಿ ಮುಸಲ್ಮಾನ್' ಎಂಬ ಇಂಗ್ಲಿಷ್ ವಾರಪತ್ರಿಕೆ ಹೊರಡುತ್ತಿತ್ತು. ಸಂಪಾದಕರು ಮುಜೀಬುರ್ ರಹಮಾನ್. ಮೋಹನ್ ಬಾಗಾನ್ ತಂಡದಲ್ಲಿ ಒಬ್ಬ ಮುಸ್ಲಿಮನೂ ಇರಲಿಲ್ಲ. ಆದರೂ ಆ ಪತ್ರಿಕೆ, ಮುಸ್ಲಿಂ ಸ್ಪೋರ್ಟಿಂಗ್ ಕ್ಲಬ್ಬಿನ ಸದಸ್ಯರು ತಮ್ಮ ಹಿಂದೂ ಸಹೋದರರ ಗೆಲುವಿಗೆ ಹುಚ್ಚೆದ್ದು ಸಂತೋಷಪಟ್ಟರೆಂದು ವರದಿ ಮಾಡಿತು. ಬಂಗಾಳದ ವಿಭಜನೆಯ ಕಾರಣಕ್ಕೆ ಎರಡು ಸಮುದಾಯಗಳ ನಡುವೆ ಬಿರುಕು ಮೂಡಿದ್ದ ಕಾಲ ಅದು. ಬೇರೆಯವರ ಗೆಲುವನ್ನು ತನ್ನದೆಂದು ಬರೆಯಲು ಒಂದು ಪತ್ರಿಕೆಗೆ ಆ ದಿನಗಳಲ್ಲೂ ಸಾಧ್ಯವಾಗಿತ್ತು. ಮುಂದಿನ ದಶಕಗಳನ್ನು ಓದುವಾಗ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಐದು ವರ್ಷಗಳ ಸುಗ್ಗಿ

ಮೊಹಮ್ಮಡನ್ ಸ್ಪೋರ್ಟಿಂಗ್ ಸ್ಥಾಪನೆಯಾದದ್ದು 1891ರಲ್ಲಿ. ನಾಲ್ಕು ದಶಕಗಳ ಕಾಲ ಅದೊಂದು ಸಾಧಾರಣ ಕ್ಲಬ್ಬು. 1934ರಲ್ಲಿ ಮೊದಲ ದರ್ಜೆಗೆ ಬಂದ ವರ್ಷವೇ ಕಲ್ಕತ್ತ ಲೀಗನ್ನು ಗೆದ್ದುಬಿಟ್ಟಿತು. ಅದುವರೆಗೆ ಯಾವ ಭಾರತೀಯ ತಂಡವೂ ಆ ಲೀಗನ್ನು ಗೆದ್ದಿರಲಿಲ್ಲ. ಅಲ್ಲಿಗೇ ನಿಲ್ಲದೆ 1938ರವರೆಗೆ ಸತತ ಐದು ವರ್ಷ ಗೆದ್ದಿತು. 1936ರಲ್ಲಿ ಲೀಗಿನ ಜೊತೆಗೆ ಐಎಫ್‌ಎ ಶೀಲ್ಡ್ ಕೂಡ ದಕ್ಕಿತು. 1940ರಲ್ಲಿ ದೆಹಲಿಯಲ್ಲಿ ರಾಯಲ್ ವಾರಿಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಡುರಾಂಡ್ ಕಪ್ ಗೆದ್ದ ಮೊದಲ ಭಾರತೀಯ ತಂಡವೆನಿಸಿತು.

ಇದರ ಹಿಂದೆ ಪವಾಡವೇನೂ ಇರಲಿಲ್ಲ. ಕಲ್ಕತ್ತೆಯ ಲೀಗು ನಡೆಯುವುದು ಮಳೆಗಾಲದಲ್ಲಿ. ಕೆಸರಿನ ನೆಲದಲ್ಲಿ ಬರಿಗಾಲಿನ ಆಟಗಾರರು ಜಾರಿ ಬೀಳುತ್ತಿದ್ದರೆ ಗೋರರು ಬೂಟು ಹಾಕಿಕೊಂಡು ನಿಂತಿರುತ್ತಿದ್ದರು. ಒದ್ದೆ ನೆಲದಲ್ಲಿ ಬೂಟು ಹಾಕಿ ಆಡುವುದನ್ನು ಮೊಹಮ್ಮಡನ್ ತಂಡ ತನ್ನ ಆಟಗಾರರಿಗೆ ಕಲಿಸಿತು. ಎರಡನೆಯದಾಗಿ, ಬಂಗಾಳದ ಗಡಿ ದಾಟಿ ಉತ್ತರದಿಂದ, ದಕ್ಷಿಣದಿಂದ, ಬೆಂಗಳೂರಿನಿಂದಲೂ ಆಟಗಾರರನ್ನು ಕರೆತಂದಿತು. ದುಡಿಮೆ ಮತ್ತು ದೂರದೃಷ್ಟಿಯ ಫಲ ಅದು.

ಬಡಗಿಗಳು, ಜಟಕಾ ಹೊಡೆಯುವವರು, ಬಂದರಿನ ಖಲಾಸಿಗಳು, ಹಳ್ಳಿಯಿಂದ ಓದಲು ಬಂದ ಹುಡುಗರು ಎಲ್ಲರೂ ಮೈದಾನಕ್ಕೆ ಬಂದರು. ಕವಿ ಕಾಜಿ ನಜ್ರುಲ್ ಇಸ್ಲಾಂ ತಂಡವನ್ನು ಅಭಿನಂದಿಸಿ ಕವಿತೆ ಬರೆದರು. ಕಚೇರಿಯಲ್ಲಿ, ಕಾಲೇಜಿನಲ್ಲಿ ತಲೆತಗ್ಗಿಸಿ ಬದುಕುತ್ತಿದ್ದ ಕೌಮಿಗೆ ತಲೆ ಎತ್ತಲು ಒಂದು ನೆಪ ಸಿಕ್ಕಿತ್ತು.

ಪತ್ರಿಕೆಗಳ ಪಕ್ಷಗಳು ಸ್ಪಷ್ಟವಾದದ್ದು ಈ ಕಾಲದಲ್ಲಿಯೇ. ಮುಸ್ಲಿಂ ಲೀಗಿನ ಒಲವಿನ 'ಸ್ಟಾರ್ ಆಫ್ ಇಂಡಿಯಾ' ಇಂಗ್ಲಿಷಿನಲ್ಲಿತ್ತು. 1936ರಲ್ಲಿ ಮೌಲಾನಾ ಅಕ್ರಂ ಖಾನ್ ಬಂಗಾಳಿಯಲ್ಲಿ 'ಆಜಾದ್' ದಿನಪತ್ರಿಕೆ ಆರಂಭಿಸಿದರು. ಮೊಹಮ್ಮಡನ್ ತಂಡದ ಗೆಲುವು ಇವುಗಳ ಪುಟಗಳಲ್ಲಿ ಕೌಮಿನ ಗೆಲುವಾಯಿತು. ಇನ್ನೊಂದು ಕಡೆಯ ಓದುಗರಿಗೆ ಅದು ಕೋಮುವಾದವಾಗಿ ಕಂಡಿತು. ಗೆದ್ದವರನ್ನು ಅಭಿನಂದಿಸಲು ಜಿಪುಣತನ ತೋರುತ್ತಾರೆಂದು ಒಬ್ಬರು, ಆಟಕ್ಕೆ ಮಜಹಬ್ ಬೆರೆಸುತ್ತಾರೆಂದು ಇನ್ನೊಬ್ಬರು. ಎರಡು ದೂರುಗಳಲ್ಲೂ ಸ್ವಲ್ಪ ಸತ್ಯವಿತ್ತು. ದೂರು ಬೆಳೆಯುತ್ತ ಹೋದಂತೆ ಆಟ ಮಾತ್ರ ಸೊರಗುತ್ತ ಹೋಯಿತು. 1939ರಲ್ಲಿ ತೀರ್ಪುಗಾರರು ಪಕ್ಷಪಾತ ಮಾಡುತ್ತಾರೆಂದು ಆಪಾದಿಸಿ ಮೊಹಮ್ಮಡನ್ ತಂಡ ಲೀಗಿನಿಂದ ಹೊರಬಂದಿತು. ಗಮನಿಸಬೇಕಾದ ವಿಷಯವೆಂದರೆ ಹಾಗೆ ಹೊರಬಂದವರಲ್ಲಿ ಈಸ್ಟ್ ಬೆಂಗಾಲ್ ಕೂಡ ಇತ್ತು. ಅನ್ಯಾಯದ ದೂರಿಗೆ ಧರ್ಮದ ಹಂಗಿರಲಿಲ್ಲ. ಆ ವರ್ಷ ಮೋಹನ್ ಬಾಗಾನ್ ತನ್ನ ಮೊದಲ ಲೀಗ್ ಪ್ರಶಸ್ತಿ ಗೆದ್ದಿತು. ಆ ಗೆಲುವಿನ ತೂಕವೆಷ್ಟು ಎಂಬ ವಾದ ಇಂದಿಗೂ ಮುಗಿದಿಲ್ಲ.

ಬೆಂಗಳೂರಿನ ಪಾಲು

ಇಲ್ಲಿ ಕನ್ನಡದ ಓದುಗರು ಮರೆತಿರುವ ಒಂದು ಹೆಸರನ್ನು ನೆನಪಿಸಬೇಕು. ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತೆಯದಲ್ಲ, ನಮ್ಮ 'ಬೆಂಗಳೂರು ಮುಸ್ಲಿಮ್ಸ್'. ವರ್ಷ 1937. ಅಂತಿಮ ಪಂದ್ಯದಲ್ಲಿ ಅದು 1-0 ಗೋಲಿನಿಂದ ಸೋಲಿಸಿದ್ದು ಅದೇ ಮೊಹಮ್ಮಡನ್ ಸ್ಪೋರ್ಟಿಂಗನ್ನು! ಎರಡೂ ಕಡೆ ಮುಸ್ಲಿಂ ಹೆಸರಿನ ತಂಡಗಳು. ಆ ದಿನ ಕೌಮಿನ ಗೆಲುವೆಂದು ಬರೆಯಬೇಕಾದವರಿಗೆ ಎಷ್ಟು ಪೇಚಾಟವಾಗಿರಬೇಕು! ಬೆಂಗಳೂರಿನ ತಂಡ 1938ರಲ್ಲಿಯೂ ಈ ಕಪ್ಪನ್ನು ಉಳಿಸಿಕೊಂಡಿತು. 1948ರಲ್ಲಿ ಮೂರನೆಯ ಬಾರಿ ಗೆದ್ದಾಗ ಸೋತವರು ಮೋಹನ್ ಬಾಗಾನ್.

ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದೇಶಕ್ಕಾಗಿ ಆಡಿ, ನಂತರ ಈಸ್ಟ್ ಬೆಂಗಾಲ್ ಸೇರಿದರು. ಆ ಹೊತ್ತಿಗೆ ದೇಶ ಒಡೆದಿತ್ತು. ಪೂರ್ವ ಬಂಗಾಳದಿಂದ ಮನೆಮಠ ಬಿಟ್ಟು ಬಂದ ಲಕ್ಷಾಂತರ ಹಿಂದೂ ನಿರಾಶ್ರಿತರಿಗೆ ಈಸ್ಟ್ ಬೆಂಗಾಲ್ ಕ್ಲಬ್ಬು ಕಳೆದುಕೊಂಡ ಊರಿನ ಹೆಸರಾಗಿತ್ತು. ಅಂಥ ಕ್ಲಬ್ಬಿನ ಮುಂಚೂಣಿಯಲ್ಲಿ ಐವರು ದಕ್ಷಿಣದವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್ ಮತ್ತು ಸಾಲೆಹ್. ಜನ ಅವರನ್ನು 'ಪಂಚಪಾಂಡವರು' ಎಂದು ಕರೆದರು. ಐವರು ಪಾಂಡವರಲ್ಲಿ ಇಬ್ಬರು ಮುಸ್ಲಿಮರು! ದಂಗೆಯಲ್ಲಿ ಎಲ್ಲವನ್ನೂ ಕಳೆದುಕೊಂಡು ಬಂದ ಜನ ತಮ್ಮ ಪಾಂಡವರಲ್ಲಿ ಅಹ್ಮದನನ್ನೂ ಸಾಲೆಹನನ್ನೂ ಎಣಿಸಿದರು. ಪತ್ರಿಕೆಗಳು ಹಾಕಿದ ಗೆರೆಯನ್ನು ಅಭಿಮಾನಿಗಳು ಹೀಗೆ ಹಲವು ಬಾರಿ ಅಳಿಸಿದ್ದಾರೆ.

ಮೊಹಮ್ಮಡನ್ ತಂಡ ಮಾತ್ರ ವಿಭಜನೆಯಿಂದ ಬಹಳ ಪೆಟ್ಟು ತಿಂದಿತು. ಅದರ ಆಟಗಾರರು, ಪೋಷಕರು, ಅಭಿಮಾನಿಗಳಲ್ಲಿ ಅನೇಕರು ಗಡಿಯಾಚೆ ಹೋದರು. 1981ರಲ್ಲಿ ಲೀಗ್ ಗೆದ್ದ ಮೇಲೆ ಮತ್ತೆ ಗೆಲ್ಲಲು 2021ರವರೆಗೆ ಕಾಯಬೇಕಾಯಿತು.

ಅದೇ 1911ರಲ್ಲಿ

ಇಲ್ಲಿಯವರೆಗೆ ಹೇಳಿದ ಕಥೆಯಲ್ಲಿ ಒಂದೇ ಒಂದು ಹೆಣ್ಣಿನ ಹೆಸರಿಲ್ಲ. ಮೋಹನ್ ಬಾಗಾನ್ ಶೀಲ್ಡ್ ಗೆದ್ದ 1911ನೆಯ ಇಸವಿಗೇ ಮತ್ತೆ ಹೋಗೋಣ. ಆ ಗೆಲುವಿಗೆ ನಾಲ್ಕು ತಿಂಗಳ ಮೊದಲು, ಮಾರ್ಚ್ 16ರಂದು, ಅದೇ ಕಲ್ಕತ್ತೆಯಲ್ಲಿ ಬೇಗಂ ರೊಕೆಯಾ ಎಂಟು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಸಖಾವತ್ ಮೆಮೋರಿಯಲ್ ಶಾಲೆಯನ್ನು ಆರಂಭಿಸಿದರು. ಮಕ್ಕಳನ್ನು ಕರೆತರಲು ಮಾಡಿಸಿದ ಮೊದಲ ಬಂಡಿ ಎಷ್ಟು ಬಿಗಿಯಾಗಿ ಮುಚ್ಚಿತ್ತೆಂದರೆ ಒಳಗೆ ಗಾಳಿಯಿಲ್ಲದೆ ಮಕ್ಕಳು ಮೂರ್ಛೆ ಹೋದವು. ಬಂಡಿಗೆ ಪರದೆ ಬಿಟ್ಟು ಗಾಳಿಯಾಡುವಂತೆ ಮಾಡಿದರೆ, ಪರದೆ ಹಾರುತ್ತದೆ, ಒಳಗಿನ ಮಕ್ಕಳು ಕಾಣುತ್ತಾರೆ ಎಂದು ಬೆದರಿಕೆಯ ಪತ್ರಗಳು ಬಂದವು. ಇದನ್ನು ರೊಕೆಯಾ ತಮ್ಮ 'ಅವರೋಧ್‌ಬಾಸಿನಿ' ಪುಸ್ತಕದಲ್ಲಿ ಬರೆದಿದ್ದಾರೆ. ಶಾಲೆಗೆ ಹೋಗುವ ದಾರಿಯಲ್ಲಿ ಗಾಳಿಗೂ ಜಗಳವಾಡಬೇಕಿದ್ದ ಹುಡುಗಿಗೆ ಚೆಂಡು ಒದೆಯುವ ಮೈದಾನ ಎಲ್ಲಿಂದ ಬರಬೇಕು?

ಇದು ನಮ್ಮ ಸಮುದಾಯದ ಶಾಪ ಮಾತ್ರವೆಂದು ತಿಳಿಯಬೇಕಾಗಿಲ್ಲ. ಫುಟ್‌ಬಾಲಿನ ತವರಾದ ಇಂಗ್ಲೆಂಡಿನಲ್ಲಿ ಡಿಕ್ ಕೆರ್ ಕಾರ್ಖಾನೆಯ ಕೆಲಸಗಾರ್ತಿಯರು ಕಟ್ಟಿದ ತಂಡದ ಆಟ ನೋಡಲು 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಸುಮಾರು 53,000 ಜನ ಸೇರಿದ್ದರು. ಒಂದು ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್ 5ರಂದು, ಅಲ್ಲಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಹೇಳಿ ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ಬಾಗಿಲು ತೆರೆಯಲು ಸುಮಾರು ಐವತ್ತು ವರ್ಷ ಬೇಕಾಯಿತು. ಮಹಿಳೆಯರ ಆಟಕ್ಕೆ ಜನ ಬರುವುದಿಲ್ಲ ಎಂದು ವಾದಿಸುವವರು ಈ ಲೆಕ್ಕವನ್ನು ನೋಡಬೇಕು. ಜನ ಬಂದಿದ್ದರು. ಬಾಗಿಲು ಹಾಕಿದವರು ಬೇರೆ.

ಎಣಿಕೆಗೆ ಸಿಗದ ವರ್ಷಗಳು

ಭಾರತದಲ್ಲಿ ಮಹಿಳಾ ಫುಟ್‌ಬಾಲ್ ಒಕ್ಕೂಟ ಹುಟ್ಟಿದ್ದು 1975ರಲ್ಲಿ. ಪುರುಷರ ಆಟವನ್ನು ನಡೆಸುವ ಅಖಿಲ ಭಾರತ ಸಂಸ್ಥೆ ಇದನ್ನು ತನ್ನ ತೆಕ್ಕೆಗೆ ತೆಗೆದುಕೊಂಡದ್ದು 1990ರ ದಶಕದ ಆರಂಭದಲ್ಲಿ. ನಡುವಿನ ಅವಧಿಯಲ್ಲಿ ಈ ಹೆಣ್ಣುಮಕ್ಕಳು ಹೆಚ್ಚುಕಡಿಮೆ ತಮ್ಮ ಬಲದ ಮೇಲೆಯೇ ಆಡಿದರು. ಅದೇ ಅವಧಿ ಅವರ ಸುವರ್ಣ ಕಾಲವೂ ಹೌದು. 1980ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಪಡೆಯಿತು. 1981ರಲ್ಲಿ ಮೂರನೆಯ ಸ್ಥಾನ, 1983ರಲ್ಲಿ ಮತ್ತೆ ಎರಡನೆಯ ಸ್ಥಾನ. ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ 1983ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಫುಟ್‌ಬಾಲಿಗಾಗಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಎರಡನೆಯವರಾದ ಮಣಿಪುರದ ಬೆಂಬೆಂ ದೇವಿಯವರಿಗೆ ಅದು ಸಿಕ್ಕಿದ್ದು 2017ರಲ್ಲಿ. ಒಬ್ಬರಿಂದ ಇನ್ನೊಬ್ಬರವರೆಗೆ 34 ವರ್ಷ!

ಕಲ್ಲಿಕೋಟೆಯಲ್ಲಿ ಹುಡುಗಿಯರು ಏಷ್ಯಾದ ಅಂತಿಮ ಪಂದ್ಯ ಆಡಿದ ಅದೇ 1980ರ ಆಗಸ್ಟ್ 16ರಂದು, ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಅಭಿಮಾನಿಗಳ ಹೊಡೆದಾಟ, ನೂಕುನುಗ್ಗಲಿನಲ್ಲಿ 16 ಜನ ಪ್ರಾಣ ಬಿಟ್ಟರು. ಆ ಹದಿನಾರು ಮನೆಗಳ ದುಃಖವನ್ನು ಬಂಗಾಳ ಪ್ರತಿವರ್ಷ ನೆನೆಯುತ್ತದೆ, ನೆನೆಯಬೇಕಾದದ್ದೇ. ಆದರೆ ಆ ವರ್ಷದ ಜನವರಿಯನ್ನು ನೆನೆಯುವವರು ಎಷ್ಟು ಮಂದಿ? ಪುರುಷರ ಆಟದ ಸಾವು ನೋವು, ಸೋಲು ಗೆಲುವು, ತೀರ್ಪುಗಾರನ ತಪ್ಪು ಎಲ್ಲವೂ ದಾಖಲಾಗಿವೆ. ನಮ್ಮ ಪತ್ರಿಕೆ, ನಿಮ್ಮ ಪತ್ರಿಕೆ ಎಂದು ಜಗಳವಾಡಿದವರು ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿದ್ದರು. ಹೆಣ್ಣುಮಕ್ಕಳ ಆಟಕ್ಕೆ ಎರಡೂ ಕಡೆಯ ಪುಟಗಳಲ್ಲಿ ಜಾಗವಿರಲಿಲ್ಲ.

2000ದ ದಶಕದ ಆರಂಭದಲ್ಲಿ ಕೋಲ್ಕತ್ತದ ದೊಡ್ಡ ಕ್ಲಬ್ಬುಗಳು ಮಹಿಳಾ ತಂಡಗಳನ್ನು ಕಟ್ಟಿ, ಸ್ವಲ್ಪ ಕಾಲದಲ್ಲೇ ಕೈಬಿಟ್ಟವು. ರಾಷ್ಟ್ರೀಯ ಮಹಿಳಾ ಲೀಗ್ ಆರಂಭವಾದದ್ದು 2017ರ ಹೊತ್ತಿಗೆ. ಮೊದಲು ಗೆದ್ದವರು ಮಣಿಪುರದವರು. ಆಮೇಲೆ ಕೇರಳದ ಗೋಕುಲಂ ತಂಡ ಮೂರು ಬಾರಿ ಗೆದ್ದಿತು. 2023ರ ಅಂತಿಮ ಪಂದ್ಯದಲ್ಲಿ ಗೋಕುಲಂಗೆ ಎದುರಾಳಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ. ಕನ್ನಡ ನಾಡಿನ ಒಂದು ತಂಡ ರಾಷ್ಟ್ರೀಯ ಲೀಗಿನ ಅಂತಿಮ ಪಂದ್ಯದಲ್ಲಿತ್ತು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ತಲೆವಸ್ತ್ರದ ಏಳು ವರ್ಷ

ಮುಸ್ಲಿಂ ಹುಡುಗಿಗೆ ಇನ್ನೂ ಒಂದು ಬಾಗಿಲು ದಾಟಬೇಕಿತ್ತು. 2007ರಿಂದ ಅಂತರರಾಷ್ಟ್ರೀಯ ಫುಟ್‌ಬಾಲಿನಲ್ಲಿ ತಲೆವಸ್ತ್ರಕ್ಕೆ ನಿಷೇಧವಿತ್ತು. 2011ರ ಜೂನ್‌ನಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕಾಗಿ ಜೋರ್ಡಾನಿಗೆ ಹೋದ ಇರಾನಿನ ಹುಡುಗಿಯರು ಇದೇ ಕಾರಣಕ್ಕೆ ಆಡಲಾಗದೆ ಮರಳಿದರು. ನಿಷೇಧ ಪೂರ್ತಿಯಾಗಿ ತೆರವಾದದ್ದು 2014ರಲ್ಲಿ. 2023ರ ಜುಲೈ 30ರಂದು ಮೊರಾಕೊದ ನುಹೈಲಾ ಬೆಂಜಿನಾ ತಲೆವಸ್ತ್ರ ಧರಿಸಿ ಮಹಿಳಾ ವಿಶ್ವಕಪ್ಪಿನಲ್ಲಿ ಆಡಿದ ಮೊದಲ ಆಟಗಾರ್ತಿಯಾದರು. ಅಂದು ಮೊರಾಕೊ ದಕ್ಷಿಣ ಕೊರಿಯಾವನ್ನು 1-0ರಿಂದ ಸೋಲಿಸಿತು.

ಮನೆಯಲ್ಲಿ ಬಟ್ಟೆ ಸಾಲದೆಂದು ತಡೆದರು, ಹೊರಗೆ ಬಟ್ಟೆ ಹೆಚ್ಚಾಯಿತೆಂದು ತಡೆದರು. ಇಬ್ಬರೂ ನೋಡಿದ್ದು ಬಟ್ಟೆಯನ್ನು. ಹುಡುಗಿಯ ಕಾಲಿನಲ್ಲಿ ಚೆಂಡು ಹೇಗೆ ನಿಲ್ಲುತ್ತದೆ ಎಂಬುದನ್ನು ಇಬ್ಬರೂ ನೋಡಲಿಲ್ಲ.

ಮೂರು ಬಣ್ಣ, ಒಂದು ಬೀದಿ

ಅಭಿಮಾನಿಗಳೆಂದರೆ ಕುರುಡರು ಎಂದು ಯಾರಾದರೂ ಹೇಳಿದರೆ ನಾವು 2024ರ ಆಗಸ್ಟ್ 18ನ್ನು ನೆನಪಿಸುತ್ತೇವೆ. ಆ ತಿಂಗಳ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ ನಡೆಸಿ ಕೊಲೆ ಮಾಡಲಾಗಿತ್ತು. ನಗರ ಕುದಿಯುತ್ತಿತ್ತು. 18ರಂದು ನಡೆಯಬೇಕಿದ್ದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ನಡುವಿನ ಡುರಾಂಡ್ ಕಪ್ ಪಂದ್ಯವನ್ನು ಭದ್ರತೆಯ ಕಾರಣಕ್ಕೆ ರದ್ದು ಮಾಡಲಾಯಿತು. ಪಂದ್ಯವಿಲ್ಲದಿದ್ದರೂ ಎರಡೂ ಕಡೆಯ ಅಭಿಮಾನಿಗಳು ಸಾಲ್ಟ್ ಲೇಕ್ ಕ್ರೀಡಾಂಗಣದ ಮುಂದೆ ಸೇರಿದರು. ಮೊಹಮ್ಮಡನ್ ಅಭಿಮಾನಿಗಳೂ ಬಂದರು. ಮೋಹನ್ ಬಾಗಾನ್ ನಾಯಕ ಸುಭಾಶಿಷ್ ಬೋಸ್ ಕೂಡ ಅವರ ನಡುವೆ ನಿಂತರು. ಮೂರು ಕ್ಲಬ್ಬುಗಳ ಬಾವುಟಗಳನ್ನು ಹಿಡಿದವರು ಒಬ್ಬ ಹೆಣ್ಣುಮಗಳಿಗಾಗಿ ಇನ್ಸಾಫ್ ಕೇಳಿದರು. ಪೊಲೀಸರ ಲಾಠಿ ಬಣ್ಣ ನೋಡದೆ ಬೀಸಿತು.

ನೂರು ವರ್ಷಗಳ ಜಗಳವನ್ನು ಒಂದು ಸಂಜೆಯ ಮಟ್ಟಿಗೆ ಬದಿಗಿಡಲು ಆ ಜನರಿಗೆ ಸಾಧ್ಯವಾಯಿತು. ಆದರೆ ಸತ್ತ ಹೆಣ್ಣಿಗಾಗಿ ಒಂದಾಗುವ ಮನಸ್ಸು, ಬದುಕಿರುವ ಹೆಣ್ಣುಮಕ್ಕಳು ಗೆದ್ದಾಗ ಚಪ್ಪಾಳೆ ತಟ್ಟಲು ಎರಡು ಪಕ್ಷವಾಗುವುದೇಕೆ? ಎಂಟು ತಿಂಗಳ ನಂತರ ಸೌಮ್ಯಾ ಹೊಡೆದ ಗೋಲು ಎದುರಾಳಿಯ ಬಾಯಿ ಮುಚ್ಚಿಸುವ ಕಲ್ಲಾಗಿ ಬಳಕೆಯಾಯಿತೇ ಹೊರತು, ಆ ತಂಡದ ಹನ್ನೊಂದು ಹೆಸರುಗಳನ್ನು ಕಲಿಯುವ ಪಾಠವಾಗಲಿಲ್ಲ. ತಮ್ಮ ಮಹಿಳಾ ತಂಡದ ಹೆಸರಿನಲ್ಲಿ ಜಗಳವಾಡುವವನು ಪಂಚಪಾಂಡವರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ. ಹುಡುಗಿಯರಲ್ಲಿ ಐವರ ಹೆಸರು ಕೇಳಿದರೆ?

2025ರ ಜುಲೈ 5ರಂದು ಥಾಯ್ಲೆಂಡಿನಲ್ಲಿ, ಆತಿಥೇಯ ತಂಡದ ಮೇಲೆ ಎರಡು ಗೋಲು ಹೊಡೆದು ಭಾರತವನ್ನು 2026ರ ಏಷ್ಯಾ ಕಪ್ಪಿಗೆ ಮುಟ್ಟಿಸಿದವರು ಬಂಗಾಳದ ಕಲ್ಯಾಣಿಯ ಸಂಗೀತಾ ಬಾಸ್ಫೋರ್. ಅರ್ಹತಾ ಪಂದ್ಯಗಳನ್ನು ಆಡಿ ಭಾರತದ ವನಿತೆಯರು ಆ ಪಂದ್ಯಾವಳಿಗೆ ಹೋದದ್ದು ಅದೇ ಮೊದಲು. ಅಂದಿನ ಗೋಲುಗಳು ಘೋಟಿಯದೋ ಬಾಂಗಾಲನದೋ ಎಂದು ಕೇಳಲು ಯಾರಿಗೂ ಅವಕಾಶವಿರಲಿಲ್ಲ.

ಪತ್ರಿಕೆ ನಮ್ಮ ಸುದ್ದಿ ಬರೆಯುವುದಿಲ್ಲ ಎಂಬ ದೂರು ಮುಸ್ಲಿಮರಿಗೆ ಹೊಸದಲ್ಲ. ಅನೇಕ ಬಾರಿ ಅದು ನಿಜವೂ ಹೌದು. ಅದಕ್ಕಾಗಿಯೇ ನಾವು ನಮ್ಮದೇ ಪತ್ರಿಕೆಗಳನ್ನು ಕಟ್ಟಿಕೊಂಡೆವು. ಹಾಗಿರುವಾಗ ಅವುಗಳ ಪುಟಗಳಲ್ಲಿ ನಮ್ಮ ಹೆಣ್ಣುಮಕ್ಕಳ ಆಟಕ್ಕೆ ಎಷ್ಟು ಸಾಲು ಸಿಕ್ಕಿದೆ ಎಂಬ ಲೆಕ್ಕವನ್ನೂ ನಾವೇ ಕೊಡಬೇಕು. 1911ರಲ್ಲಿ ಮುಜೀಬುರ್ ರಹಮಾನರ ಪತ್ರಿಕೆ ತನ್ನವರಲ್ಲದವರ ಗೆಲುವನ್ನು ತನ್ನದೆಂದು ಬರೆಯಿತು. ನಮ್ಮ ಮನೆಯ ಹುಡುಗಿಯರ ಗೆಲುವನ್ನು ನಮ್ಮದೆಂದು ಬರೆಯಲು ಅಷ್ಟು ದೊಡ್ಡ ಮನಸ್ಸೂ ಬೇಕಾಗಿಲ್ಲ. ನಮ್ಮ ಊರಿನ ಪ್ರೌಢಶಾಲೆಯ ಹೆಣ್ಣುಮಕ್ಕಳ ಪಂದ್ಯವಿದ್ದ ದಿನ ಒಬ್ಬ ವರದಿಗಾರ ಅಲ್ಲಿಗೆ ಹೋಗಿ, ಗೋಲು ಹೊಡೆದವಳ ಹೆಸರನ್ನು ತಂದೆಯ ಹೆಸರಿನೊಂದಿಗೆ, ತಾಯಿಯ ಹೆಸರಿನೊಂದಿಗೆ ಸರಿಯಾಗಿ ಬರೆದುಕೊಂಡು ಬಂದರೆ ಸಾಕು.